ಬಾವಿಯಲ್ಲಿ ಬದುಕುವ ಮೀನು ತೊಟ್ಟಿಯಲ್ಲಿ ಸಾಯುವುದೇಕೆ?

ಹಳೆಯ ಮನೆಗಳ ಬಾವಿಗಳಲ್ಲಿ ಒಂದೆರಡು ಮೀನು ಇರುವುದು ಸಾಮಾನ್ಯವಾಗಿತ್ತು. ಕೆಲವರು ಆಮೆಯನ್ನೂ ಬಿಡುತ್ತಿದ್ದರು. ಹುಳ ಹುಪ್ಪಟೆ ತಿಂದು ಅವು ನೀರನ್ನು ಚೊಕ್ಕಟವಾಗಿ ಇಡುತ್ತವೆ ಎಂಬುದು ಹಿರಿಯರ ನಂಬಿಕೆ. ಸೊಳ್ಳೆಯ ಮರಿಗಳನ್ನು ತಿನ್ನಲೆಂದು ಗಪ್ಪಿ, ಗಂಬೂಸಿಯ ಮೀನುಗಳನ್ನು ಆರೋಗ್ಯ ಇಲಾಖೆಯವರೇ ಬಾವಿಗಳಿಗೆ ಬಿಟ್ಟದ್ದೂ ಉಂಟು. ಈ ಮೀನುಗಳಿಗೆ ಯಾರೂ ಆಹಾರ ಹಾಕುವುದಿಲ್ಲ, ಗಾಳಿ ಊದುವ ಪಂಪು ಇಡುವುದಿಲ್ಲ. ಆದರೂ ಅವು ತಮ್ಮ ಪಾಡಿಗೆ ತಾವು ಬದುಕಿ ಸಂಸಾರ ಬೆಳೆಸುತ್ತವೆ.

ಅದೇ ಬಾವಿಯಿಂದ ನಾಲ್ಕು ಕೊಡ ನೀರು ಸೇದಿ, ಹೊಸದಾಗಿ ಕೊಂಡ ಗಾಜಿನ ತೊಟ್ಟಿಗೆ ತುಂಬಿ, ಅಂಗಡಿಯಿಂದ ತಂದ ಗೋಲ್ಡ್‌ಫಿಶ್‌ಗಳನ್ನು ಬಿಟ್ಟರೆ ಏನಾಗುತ್ತದೆ? ಮೊದಲ ದಿನ ಮನೆ ಮಂದಿಯೆಲ್ಲ ತೊಟ್ಟಿಯ ಮುಂದೆ. ಎರಡನೆಯ ದಿನ ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ಬಿಡತೊಡಗುತ್ತವೆ. ಮೂರನೆಯ ದಿನ ಬೆಳಿಗ್ಗೆ ಒಂದು ಹೊಟ್ಟೆ ಮೇಲಾಗಿ ತೇಲುತ್ತಿರುತ್ತದೆ. ಮಕ್ಕಳ ಮುಖ ಬಾಡುತ್ತದೆ. ‘ನೀರು ಸರಿಯಿಲ್ಲ’ ಎಂದು ಹಿರಿಯರು ತೀರ್ಪು ಕೊಡುತ್ತಾರೆ. ಮುಂದಿನ ಸಲ ನೀರನ್ನು ಕುದಿಸುತ್ತಾರೆ, ಪಟಿಕ ತಿರುಗಿಸುತ್ತಾರೆ, ಅಥವಾ ಅಡುಗೆಮನೆಯ ಆರ್‌ಓ ಯಂತ್ರದ ನೀರನ್ನೇ ತುಂಬುತ್ತಾರೆ. ಆಗಲೂ ಮೀನು ಸಾಯುತ್ತದೆ. ಕೆಲವೊಮ್ಮೆ ಇನ್ನೂ ಬೇಗ ಸಾಯುತ್ತದೆ.

ಇಲ್ಲಿ ಎಡವಟ್ಟಾಗುವುದು ‘ಶುದ್ಧ’ ಎಂಬ ಮಾತಿನಲ್ಲಿ. ಶುದ್ಧ ನೀರು ಎಂದರೆ ಎಲ್ಲರಿಗೂ ಎಲ್ಲ ಕಾಲಕ್ಕೂ ಒಂದೇ ಎಂದು ನಾವು ತಿಳಿದಿದ್ದೇವೆ. ಆದರೆ ಕುಡಿಯುವವನಿಗೆ ಬೇಕಾದ ಶುದ್ಧಿ ಬೇರೆ, ನೀರಿನೊಳಗೇ ಉಸಿರಾಡುವ ಜೀವಿಗೆ ಬೇಕಾದ ಶುದ್ಧಿ ಬೇರೆ. ಆದ್ದರಿಂದ ನೀರಿನಲ್ಲಿ ಇರುವುದೇನು, ಅದರಲ್ಲಿ ಮೀನಿಗೆ ಆಗದ್ದು ಯಾವುದು ಎಂದು ಮೊದಲು ತಿಳಿಯಬೇಕು. ಆಮೇಲೆ ಅದೊಂದನ್ನು ಮಾತ್ರ ತೆಗೆಯಬೇಕು. ಈ ಕ್ರಮದಲ್ಲಿ ಹೋದರೆ ಬಾವಿ ನೀರಿನಷ್ಟು ಒಳ್ಳೆಯ ನೀರು ಮೀನಿಗೆ ಇನ್ನೊಂದಿಲ್ಲ.

ಗಾಳಿ ಕಾಣದ ನೀರು

ಮಳೆಯ ನೀರು ಮಣ್ಣಿನೊಳಗೆ ಇಳಿಯುವಾಗ ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡಿ ಬಿಟ್ಟ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಳ್ಳುತ್ತದೆ. ಅದರಲ್ಲಿದ್ದ ಆಮ್ಲಜನಕ ದಾರಿಯಲ್ಲೇ ಖರ್ಚಾಗುತ್ತದೆ. ಹೀಗಾಗಿ ಆಳದಿಂದ ಆಗ ತಾನೇ ಎತ್ತಿದ ನೀರಿನಲ್ಲಿ, ಅದರಲ್ಲೂ ಕೊಳವೆ ಬಾವಿಯ ನೀರಿನಲ್ಲಿ, ಆಮ್ಲಜನಕ ಕಡಿಮೆ, ಇಂಗಾಲದ ಡೈ ಆಕ್ಸೈಡ್ ಹೆಚ್ಚು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಳಿಯೊಡನೆ ಚೆನ್ನಾಗಿ ಬೆರೆತ ನೀರು ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. ಬೇಸಿಗೆಯಲ್ಲಿ ನೀರು 30 ಡಿಗ್ರಿಗೆ ಏರಿದರೆ ಅದು ಏಳೂವರೆಗೆ ಇಳಿಯುತ್ತದೆ. ಕೊಳವೆ ಬಾವಿಯ ನೀರಿನಲ್ಲಿ ಇದರ ಸ್ವಲ್ಪ ಭಾಗವಷ್ಟೇ ಇರಬಹುದು. ಮನುಷ್ಯ ಅದನ್ನು ಕುಡಿದರೆ ಯಾವ ತೊಂದರೆಯೂ ಇಲ್ಲ, ಏಕೆಂದರೆ ಅವನು ನೀರಿನಿಂದ ಉಸಿರಾಡುವುದಿಲ್ಲ. ಮೀನಿಗಾದರೋ ಅದು ಕಿಟಕಿಯಿಲ್ಲದ ಕೋಣೆ.

ಇನ್ನೊಂದು ತೊಡಕು ಪಿಎಚ್‌ನದು. ನೀರಿನ ಹುಳಿ ಅಥವಾ ಕ್ಷಾರ ಗುಣವನ್ನು ಅಳೆಯುವ ಈ ಅಂಕದಲ್ಲಿ 7 ಎಂದರೆ ತಟಸ್ಥ, ಅದಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ. ಒಂದು ಅಂಕದ ವ್ಯತ್ಯಾಸವೆಂದರೆ ಹತ್ತು ಪಟ್ಟು ವ್ಯತ್ಯಾಸ. ಇಂಗಾಲದ ಡೈ ಆಕ್ಸೈಡ್ ತುಂಬಿದ ನೀರು ಸ್ವಲ್ಪ ಹುಳಿಯಾಗಿರುತ್ತದೆ. ತೊಟ್ಟಿಯಲ್ಲಿ ನಿಂತು ಆ ಅನಿಲ ಹೊರಹೋದಂತೆಲ್ಲ ಪಿಎಚ್ ಏರುತ್ತದೆ. ಅರ್ಧ ಅಂಕದಿಂದ ಒಂದು ಅಂಕದವರೆಗೆ ಏರುವುದು ಅಪರೂಪವಲ್ಲ. ಸೇದಿದ ಕೂಡಲೇ ಮೀನು ಬಿಟ್ಟರೆ, ಈ ಏರಿಕೆಯನ್ನೆಲ್ಲ ಅದು ಒಂದೇ ದಿನದಲ್ಲಿ ಮೈಮೇಲೆ ಹೊರಬೇಕಾಗುತ್ತದೆ.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಶಾಲೆಯ ಪ್ರಯೋಗಾಲಯದಲ್ಲಿ ದೊರೆಯುವ ಪಿಎಚ್ ಕಾಗದ ಸಾಕು. ಸೇದಿದ ಕೂಡಲೇ ಒಮ್ಮೆ, ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ದಿನ ಇಟ್ಟ ಮೇಲೆ ಇನ್ನೊಮ್ಮೆ ಕಾಗದ ಅದ್ದಿ ಎರಡು ಬಣ್ಣಗಳನ್ನು ಹೋಲಿಸಬೇಕು. ಬಣ್ಣ ಬದಲಾಗಿದ್ದರೆ ಆ ಬಾವಿಯ ನೀರಿಗೆ ಗಾಳಿ ಕುಡಿಸದೆ ಮೀನು ಬಿಡಬಾರದು ಎಂದು ಅರ್ಥ.

ಇದರ ಪರಿಹಾರಕ್ಕೆ ಖರ್ಚೇ ಇಲ್ಲ. ನೀರನ್ನು ಅಗಲವಾದ ಪಾತ್ರೆಯಲ್ಲಿ 24 ಗಂಟೆ ಬಿಟ್ಟು, ಅಕ್ವೇರಿಯಂ ಪಂಪಿನಿಂದ ಗಾಳಿ ಊದಬೇಕು. ಕರೆಂಟು ಇಲ್ಲದಿದ್ದರೆ ಬಿಸಿ ಕಾಫಿಯನ್ನು ಲೋಟದಿಂದ ಲೋಟಕ್ಕೆ ಹೊಯ್ದು ಆರಿಸುವ ಹಾಗೆ, ಎರಡು ಬಕೆಟ್ಟುಗಳ ನಡುವೆ ಹತ್ತಿಪ್ಪತ್ತು ಸಲ ನೀರನ್ನು ಎತ್ತಿ ಸುರಿದರೂ ಆದೀತು. ಬೇಡದ ಅನಿಲ ಹೋಗಿ, ಬೇಕಾದ ಅನಿಲ ಬರುತ್ತದೆ.

ತುಕ್ಕು ಮತ್ತು ಕೊಳೆತ ಮೊಟ್ಟೆಯ ವಾಸನೆ

ಗಾಳಿ ಕುಡಿಸುವಾಗ ಕೆಲವು ಬಾವಿಗಳ ನೀರಿನಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಸೇದಿದಾಗ ಸ್ಫಟಿಕದಂತಿದ್ದ ನೀರು ಮರುದಿನ ಕೆಂಪಗೆ, ಕದಡಿದಂತೆ ಕಾಣುತ್ತದೆ. ಅದು ಕಬ್ಬಿಣ. ನೆಲದಡಿಯ ಆಮ್ಲಜನಕವಿಲ್ಲದ ನೀರಿನಲ್ಲಿ ಕಬ್ಬಿಣ ಕರಗಿ ಕಣ್ಣಿಗೆ ಕಾಣದಂತೆ ಇರುತ್ತದೆ. ಗಾಳಿ ತಗುಲಿದೊಡನೆ ತುಕ್ಕಾಗಿ ಹೊರಬೀಳುತ್ತದೆ. ಮೀನಿರುವ ತೊಟ್ಟಿಯಲ್ಲೇ ಇದು ನಡೆದರೆ ತುಕ್ಕಿನ ಕಣಗಳು ಅದರ ಕಿವಿರುಗಳ ಮೇಲೆ ಕೂರುತ್ತವೆ. ಕಿವಿರು ಮೀನಿನ ಶ್ವಾಸಕೋಶ. ಅದರ ಮೇಲೆ ಧೂಳು ಕುಳಿತರೆ ನೀರಿನಲ್ಲಿ ಆಮ್ಲಜನಕ ಎಷ್ಟಿದ್ದರೂ ಉಪಯೋಗವಿಲ್ಲ.

ಕಬ್ಬಿಣವಿದೆಯೇ ಎಂದು ತಿಳಿಯಲು ಹಾಲು ಹಾಕದ ಚಹಾ ಡಿಕಾಕ್ಷನ್ ಸಾಕು. ಒಂದು ಲೋಟ ಬಾವಿ ನೀರಿಗೆ ಸ್ವಲ್ಪ ಡಿಕಾಕ್ಷನ್ ಬೆರೆಸಿ ಬಿಟ್ಟರೆ, ಕಬ್ಬಿಣ ಹೆಚ್ಚಾಗಿದ್ದಲ್ಲಿ ನೀರು ಶಾಯಿಯಂತೆ ಕಪ್ಪಗಾಗುತ್ತದೆ. ಚಹಾದಲ್ಲಿರುವ ಟ್ಯಾನಿನ್ ಮತ್ತು ಕಬ್ಬಿಣ ಸೇರಿದಾಗ ಆಗುವ ಬದಲಾವಣೆ ಇದು. ಹಿಂದಿನ ಕಾಲದಲ್ಲಿ ಬರೆಯುವ ಶಾಯಿ ಮಾಡುತ್ತಿದ್ದುದೂ ಇದೇ ರಾಸಾಯನಿಕ ಕ್ರಿಯೆಯಿಂದ.

ಪರಿಹಾರವೂ ಸರಳ. ಬೇರೆ ಪಾತ್ರೆಯಲ್ಲಿ ಒಂದೆರಡು ದಿನ ಗಾಳಿ ಊದಿ, ತುಕ್ಕು ತಳದಲ್ಲಿ ನಿಂತ ಮೇಲೆ, ಮೇಲಿನ ತಿಳಿ ನೀರನ್ನು ಚೆನ್ನಾಗಿ ತೊಳೆದ ಮರಳಿನ ಮೂಲಕ ಸೋಸಿಕೊಳ್ಳಬೇಕು. ತಳದಲ್ಲಿ ರಂಧ್ರವಿರುವ ಬಕೆಟ್ಟಿನಲ್ಲಿ ಕೆಳಗೆ ಜಲ್ಲಿ, ಮೇಲೆ ಗೇಣುದ್ದ ಮರಳು ಹಾಕಿದರೆ ಸೋಸುಕ ಸಿದ್ಧ. ನೀರು ತೀರ ಹುಳಿಯಾಗಿದ್ದರೆ ಕಬ್ಬಿಣ ತುಕ್ಕಾಗುವುದು ನಿಧಾನ. ಆಗ ತಾಳ್ಮೆ ಇನ್ನಷ್ಟು ಬೇಕು.

ಕೆಲವು ಬಾವಿಗಳ ನೀರು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಇದು ಹೈಡ್ರೊಜನ್ ಸಲ್ಫೈಡ್ ಎಂಬ ಅನಿಲ. ಮನುಷ್ಯರ ಮೂಗಿಗೆ ಹಿಂಸೆ ಮಾಡುವ ಇದು ಮೀನಿಗೆ ನೇರ ವಿಷ, ಅತಿ ಅಲ್ಪ ಪ್ರಮಾಣದಲ್ಲೂ ವಿಷ. ಜೋರಾಗಿ ಗಾಳಿ ಊದಿದರೆ ಹೊರಟುಹೋಗುತ್ತದೆ. ಮೂಗಿಗೆ ವಾಸನೆ ಬರುತ್ತಿರುವಷ್ಟು ಕಾಲವೂ ಆ ನೀರನ್ನು ತೊಟ್ಟಿಯ ಹತ್ತಿರ ತರಬಾರದು.

ಗಡಸು, ಮೆದು

ಕರಾವಳಿ ಮತ್ತು ಮಲೆನಾಡಿನಲ್ಲಿ ಮುರಕಲ್ಲಿನ ನೆಲದ ತೆರೆದ ಬಾವಿಗಳ ನೀರು ಸಾಮಾನ್ಯವಾಗಿ ಮೆದು. ಸೋಪು ಚೆನ್ನಾಗಿ ನೊರೆ ಬರುತ್ತದೆ, ಬೇಳೆ ಬೇಗ ಬೇಯುತ್ತದೆ. ಆದರೆ ಪಿಎಚ್ 6ರ ಆಸುಪಾಸಿಗೆ ಇಳಿದಿರುವುದುಂಟು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ಗದಗ, ಕೊಪ್ಪಳಗಳ ಕಡೆಯ ಆಳವಾದ ಕೊಳವೆ ಬಾವಿಗಳ ಕಥೆ ಇದಕ್ಕೆ ವಿರುದ್ಧ. ಅಲ್ಲಿ ಗಡಸು ನೀರೇ ಹೆಚ್ಚು. ಕಲಬುರಗಿಯ ಶಹಾಬಾದ್ ಕಡೆಯಂತೂ ನೆಲದಡಿ ಇರುವುದೇ ಸುಣ್ಣದ ಕಲ್ಲು. ಆ ಕಲ್ಲಿನ ಸಂದುಗಳಲ್ಲಿ ಹರಿದು ಬಂದ ನೀರು ಸುಣ್ಣವನ್ನು ಹೊತ್ತೇ ತರುತ್ತದೆ. ಬಕೆಟ್ಟಿನ ಅಂಚಿಗೆ ಬಿಳಿ ಕಲೆ, ನೀರು ಕಾಯಿಸುವ ಕಾಯಿಲ್ಲಿಗೆ ಬಿಳಿ ಹಕ್ಕಳೆ ಕಟ್ಟುವುದು ಇದರ ಗುರುತು.

ಗಡಸುತನವನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಎಂದು ಲೆಕ್ಕ ಹಾಕುತ್ತಾರೆ. ಕುಡಿಯುವ ನೀರಿಗೆ ಭಾರತೀಯ ಮಾನಕದ ಪ್ರಕಾರ 200 ಇದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದ ಕಡೆ 600ರವರೆಗೆ ಒಪ್ಪಬಹುದು. ಮೀನಿನ ಲೆಕ್ಕ ಅದು ಹುಟ್ಟಿದ ಊರಿನ ಮೇಲೆ ನಿಂತಿದೆ. ಗಪ್ಪಿ, ಮೋಲಿ, ಪ್ಲಾಟಿಗಳಿಗೆ ಗಡಸು ನೀರು ಒಗ್ಗುತ್ತದೆ. ಗೋಲ್ಡ್‌ಫಿಶ್ ಎರಡಕ್ಕೂ ಹೊಂದಿಕೊಳ್ಳುತ್ತದೆ. ಅಮೆಜಾನ್ ಕಾಡಿನ ಹೊಳೆಗಳಿಂದ ಬಂದ ನಿಯಾನ್ ಟೆಟ್ರಾಕ್ಕೆ ಮೆದುವಾದ, ತುಸು ಹುಳಿಯಾದ ನೀರು ಇಷ್ಟ. ಆದ್ದರಿಂದ ಬುದ್ಧಿವಂತಿಕೆಯ ಮೊದಲ ಹೆಜ್ಜೆಯೆಂದರೆ ಮೀನಿಗಾಗಿ ನೀರನ್ನು ಬದಲಿಸುವುದಕ್ಕಿಂತ, ಇರುವ ನೀರಿಗೆ ಒಗ್ಗುವ ಮೀನನ್ನು ಕೊಳ್ಳುವುದು. ಕೋಲಾರದ ಮನೆಗೆ ಗಪ್ಪಿ, ಮೂಡುಬಿದಿರೆಯ ಮನೆಗೆ ಟೆಟ್ರಾ ಎಂದರೆ ಅರ್ಧ ಕೆಲಸ ಮುಗಿದ ಹಾಗೆ.

ಗಡಸುತನ ಇಳಿಸಲೇಬೇಕಾದರೆ ಅತ್ಯುತ್ತಮ ಉಪಾಯ ಮಳೆ ನೀರು. ಮೊದಲ ಎರಡು ಮೂರು ಮಳೆಗೆ ಮಾಡು ತೊಳೆದು ಹೋದ ಮೇಲೆ ಹಿಡಿದ ನೀರಿನಲ್ಲಿ ಗಡಸುತನ ಹೆಚ್ಚು ಕಡಿಮೆ ಸೊನ್ನೆ. ಲೆಕ್ಕ ಸುಲಭ. ಬಾವಿ ನೀರಿನ ಗಡಸುತನ 480 ಇದೆ ಎಂದುಕೊಳ್ಳೋಣ. ಒಂದು ಕೊಡ ಬಾವಿ ನೀರಿಗೆ ಒಂದು ಕೊಡ ಮಳೆ ನೀರು ಸೇರಿಸಿದರೆ 240, ಮೂರು ಕೊಡ ಸೇರಿಸಿದರೆ 120. ತುಕ್ಕು ಹಿಡಿದ ತಗಡಿನ ಅಥವಾ ಹೊಸದಾಗಿ ಬಣ್ಣ ಬಳಿದ ಮಾಡಿನ ನೀರು ಮಾತ್ರ ಬೇಡ.

ಆರ್‌ಓ ಯಂತ್ರದ ನೀರನ್ನೂ ಹೀಗೆ ಬೆರೆಸಿಕೊಳ್ಳಬಹುದು. ಬರೀ ಅದನ್ನೇ ತುಂಬುವುದು ತಪ್ಪು. ಆ ಯಂತ್ರ ಲವಣಗಳನ್ನೆಲ್ಲ ಬಹುಪಾಲು ತೆಗೆದುಹಾಕುತ್ತದೆ. ಅವುಗಳ ಜೊತೆಗೆ ಪಿಎಚ್ ಏರುಪೇರಾಗದಂತೆ ತಡೆಯುವ ಕಾರ್ಬೊನೇಟುಗಳೂ ಹೋಗುತ್ತವೆ. ಅಂಥ ನೀರಿನಲ್ಲಿ ಮೀನಿನ ಕಶ್ಮಲದಿಂದ ಹುಟ್ಟುವ ಸ್ವಲ್ಪ ಆಮ್ಲವೂ ಪಿಎಚ್ಚನ್ನು ಥಟ್ಟನೆ ಇಳಿಸಿಬಿಡುತ್ತದೆ. ಉಪ್ಪು ಸುರಿದು ಶುದ್ಧಿ ಮಾಡಿಕೊಳ್ಳುವ ವಾಟರ್ ಸಾಫ್ಟನರ್ ಯಂತ್ರವೂ ಮೀನಿಗೆ ಹೇಳಿಸಿದ್ದಲ್ಲ. ಅದು ಕ್ಯಾಲ್ಸಿಯಂ ತೆಗೆದು ಆ ಜಾಗದಲ್ಲಿ ಸೋಡಿಯಂ ಇಡುತ್ತದೆ. ಸೋಪು ನೊರೆ ಬರುತ್ತದೆ, ಮೀನಿಗೆ ಬೇಕಾದ ಕ್ಯಾಲ್ಸಿಯಂ ಹೋಗುತ್ತದೆ. ಕುದಿಸಿದರೆ ಬೈಕಾರ್ಬೊನೇಟಿನಿಂದ ಬಂದ ‘ತಾತ್ಕಾಲಿಕ’ ಗಡಸುತನ ಮಾತ್ರ ತಳಕ್ಕೆ ಇಳಿಯುತ್ತದೆ. ಜೊತೆಗೆ ಆಮ್ಲಜನಕವೂ ಹೊರಟುಹೋಗುವುದರಿಂದ ಕುದಿಸಿ ಆರಿಸಿದ ನೀರಿಗೆ ಮತ್ತೆ ಗಾಳಿ ಕುಡಿಸಬೇಕು.

ಕರಾವಳಿಯ ಹುಳಿ ನೀರಿಗೆ ಬೇಕಾದದ್ದು ಸ್ವಲ್ಪ ಸುಣ್ಣದ ಅಂಶ. ಸಮುದ್ರ ತೀರದ ಚಿಪ್ಪುಗಳನ್ನು ಚೆನ್ನಾಗಿ ತೊಳೆದು ಒಣಗಿಸಿ, ಒಡೆದು, ಒಂದು ಹಿಡಿಯನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ತೊಟ್ಟಿಯ ಫಿಲ್ಟರಿನಲ್ಲಿ ಇಟ್ಟರಾಯಿತು. ನೀರು ಹುಳಿಯಾಗಿದ್ದಾಗ ಚಿಪ್ಪು ಕರಗುತ್ತದೆ, ಹುಳಿ ಕಡಿಮೆಯಾದಂತೆ ಕರಗುವುದೂ ಕಡಿಮೆಯಾಗುತ್ತದೆ. ಚಿಪ್ಪನ್ನು ಸುಟ್ಟು ಮಾಡಿದ ಸುಣ್ಣವೂ ಇದೇ ತಾನೇ ಎಂದು ವೀಳ್ಯದ ಸುಣ್ಣವನ್ನೋ ಗೋಡೆಯ ಸುಣ್ಣವನ್ನೋ ಹಾಕಿದರೆ ಅನಾಹುತ. ಅದರ ತಿಳಿಯ ಪಿಎಚ್ 12ರ ಹತ್ತಿರ. ಮೀನಿನ ಮೈಯೇ ಬೆಂದುಹೋದೀತು.

ಮನುಷ್ಯ ಬೆರೆಸಿದ್ದು

ಇಷ್ಟರವರೆಗೆ ನೆಲ ಬೆರೆಸಿದ್ದರ ಮಾತಾಯಿತು. ನಾವೇ ಬೆರೆಸುವುದರಲ್ಲಿ ಮುಖ್ಯವಾದದ್ದು ಬ್ಲೀಚಿಂಗ್ ಪೌಡರ್. ಮಳೆಗಾಲದಲ್ಲಿ ವಾಂತಿಭೇದಿ ತಡೆಯಲು ಬಾವಿಗಳಿಗೆ ಇದನ್ನು ಹಾಕುತ್ತಾರೆ, ಹಾಕಲೇಬೇಕು. 1000 ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಪೌಡರ್ ಎಂಬುದು ಲೆಕ್ಕ. ಬಾವಿಯಲ್ಲಿ ಎಷ್ಟು ಲೀಟರ್ ಇದೆ ಎಂದು ಕಂಡುಹಿಡಿಯುವುದು ಪ್ರೌಢಶಾಲೆಯ ಗಣಿತ. ಮೂರು ಮೀಟರ್ ವ್ಯಾಸದ ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ, ಅದರ ಘನ ಅಳತೆ ಸುಮಾರು 28 ಘನ ಮೀಟರ್, ಎಂದರೆ 28,000 ಲೀಟರ್. ಅದಕ್ಕೆ 70 ಗ್ರಾಂ ಪೌಡರ್ ಬೇಕು.

ಒಂದು ಗಂಟೆಯ ಬಳಿಕವೂ ನೀರಿನಲ್ಲಿ ಲೀಟರಿಗೆ ಅರ್ಧ ಮಿಲಿಗ್ರಾಂ ಕ್ಲೋರಿನ್ ಉಳಿದಿದ್ದರೆ ರೋಗಾಣುಗಳು ಸತ್ತವೆಂದು ಭರವಸೆ. ಮನುಷ್ಯನಿಗೆ ಇದು ಸುರಕ್ಷಿತ ನೀರು. ಆದರೆ ಇದರ ಹತ್ತನೆಯ ಒಂದು ಭಾಗದಷ್ಟು ಕ್ಲೋರಿನ್ ಕೂಡ ಮೀನಿನ ಕಿವಿರನ್ನು ಕೆಡಿಸಬಲ್ಲದು. ಆದ್ದರಿಂದ ಬಾವಿಗೆ ಪೌಡರ್ ಹಾಕಿದ ವಾರದಲ್ಲಿ ತೊಟ್ಟಿಯ ನೀರು ಬದಲಿಸದಿರುವುದೇ ಒಳ್ಳೆಯದು. ಬದಲಿಸಲೇಬೇಕಾದರೆ ಒಂದೆರಡು ದಿನ ಗಾಳಿ ಊದಿ ಕ್ಲೋರಿನ್ ಹೋಗಲಾಡಿಸಬೇಕು, ಇಲ್ಲವೇ ಮೀನಿನ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕದ ಹನಿಗಳನ್ನು ಹಾಕಬೇಕು. ಹಿಂದೆ ಫೋಟೊ ಸ್ಟುಡಿಯೋಗಳ ಕತ್ತಲೆ ಕೋಣೆಯಲ್ಲಿ ಬಳಸುತ್ತಿದ್ದ ‘ಹೈಪೋ’ ಕೂಡ ಇದೇ ಕೆಲಸ ಮಾಡುತ್ತದೆ.

ಎರಡನೆಯದು ತಾಮ್ರ. ತಾಮ್ರದ ಹಂಡೆಯಲ್ಲಿ ರಾತ್ರಿಯಿಡೀ ಇಟ್ಟ ನೀರು ಒಳ್ಳೆಯದೆಂದು ಹೇಳುವ ಮನೆಗಳಲ್ಲಿ, ಅದೇ ನೀರನ್ನು ಮೀನಿಗೂ ಹಾಕುವ ಆಸೆ ಹುಟ್ಟೀತು. ಮೆದುವಾದ ಹುಳಿ ನೀರು ತಾಮ್ರವನ್ನು ಕರಗಿಸಿಕೊಳ್ಳುತ್ತದೆ, ಮತ್ತು ಅಂಥ ಮೆದು ನೀರಿನಲ್ಲೇ ತಾಮ್ರದ ವಿಷ ಮೀನಿಗೆ ಹೆಚ್ಚು ತಟ್ಟುತ್ತದೆ. ಅಡಿಕೆ ತೋಟದ ಮನೆಗಳಲ್ಲಿ ಇನ್ನೊಂದು ಎಚ್ಚರ ಬೇಕು. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೊ ದ್ರಾವಣದಲ್ಲಿರುವ ಮೈಲುತುತ್ತವೂ ತಾಮ್ರವೇ. ಅದನ್ನು ಕಲಸಿದ ಬ್ಯಾರೆಲ್ಲು, ಬಕೆಟ್ಟುಗಳನ್ನು ಎಷ್ಟೇ ತೊಳೆದರೂ ಮೀನಿನ ನೀರಿಗೆ ಬಳಸಬಾರದು.

ಮೂರನೆಯದು ಪಟಿಕ. ಕದಡಿದ ನೀರನ್ನು ಅದು ತಿಳಿಯಾಗಿಸುವುದು ನಿಜ. ಆದರೆ ಅದು ಪಿಎಚ್ಚನ್ನು ಇಳಿಸುತ್ತದೆ. ಮೊದಲೇ ಹುಳಿಯಾದ ನೀರಿನಲ್ಲಿ ಉಳಿದುಕೊಳ್ಳುವ ಅಲ್ಯುಮಿನಿಯಂ ಕಿವಿರಿಗೆ ಕೆಟ್ಟದ್ದು. ಮಳೆಗಾಲದ ಕದಡು ನೀರಿಗೆ ಮರಳಿನ ಸೋಸುಕವೇ ಲೇಸು.

ಅಂಗಡಿಯ ಫಿಲ್ಟರುಗಳಲ್ಲಿ ಇರುವ ಚುರುಕುಗೊಳಿಸಿದ ಇದ್ದಿಲಿನ ಬಗೆಗೂ ತಪ್ಪು ಕಲ್ಪನೆಗಳಿವೆ. ಅದು ಕ್ಲೋರಿನ್, ಬಣ್ಣ, ಕೆಲವು ಸಾವಯವ ವಸ್ತುಗಳನ್ನು ಹೀರುತ್ತದೆ. ಗಡಸುತನ, ಉಪ್ಪು, ನೈಟ್ರೇಟ್, ಫ್ಲೋರೈಡ್‌ಗಳನ್ನು ಮುಟ್ಟುವುದಿಲ್ಲ.

ಕಣ್ಣಿಗೆ ಕಾಣದ ಕೆಲಸಗಾರರು

ಇಷ್ಟೆಲ್ಲ ಮಾಡಿ ತುಂಬಿದ ತೊಟ್ಟಿಯಲ್ಲೂ ಮೀನು ಒಂದೆರಡು ವಾರದಲ್ಲಿ ಸಾಯುವುದುಂಟು. ಆಗ ತಪ್ಪು ಬಾವಿಯದಲ್ಲ. ಮೀನು ಕಿವಿರಿನ ಮೂಲಕ ಅಮೋನಿಯವನ್ನು ಹೊರಹಾಕುತ್ತದೆ. ಉಳಿದ ಆಹಾರ ಕೊಳೆತಾಗಲೂ ಅಮೋನಿಯವೇ. ಮೇಲೆ ಹೇಳಿದ 28,000 ಲೀಟರಿನ ಬಾವಿಯಲ್ಲಿ 20 ಗಪ್ಪಿಗಳಿದ್ದರೆ ಒಂದೊಂದಕ್ಕೆ 1,400 ಲೀಟರ್ ನೀರು. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯಲ್ಲಿ ಹಿಡಿಯುವುದು ಸುಮಾರು 57 ಲೀಟರ್. ಅದರಲ್ಲಿ ಹತ್ತು ಗೋಲ್ಡ್‌ಫಿಶ್ ಬಿಟ್ಟರೆ ತಲೆಗೆ ಆರು ಲೀಟರ್ ಕೂಡ ಸಿಗದು. ಬಾವಿಯ ಮೀನು ಬದುಕುವ ಗುಟ್ಟಿನ ಅರ್ಧ ಈ ಲೆಕ್ಕದಲ್ಲಿದೆ.

ಇನ್ನರ್ಧ ಗುಟ್ಟು ಬಾವಿಯ ಕಲ್ಲುಗಳ ಮೇಲಿನ ಲೋಳೆಯಲ್ಲಿದೆ. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಎಂಬ ವಿಜ್ಞಾನಿಗಳು ಒಂದು ಮೀಟರ್ ಉದ್ದದ ಗಾಜಿನ ಕೊಳವೆಯಲ್ಲಿ ಮರಳು ಮತ್ತು ಸುಣ್ಣಕಲ್ಲು ತುಂಬಿ, ಮೇಲಿನಿಂದ ಚರಂಡಿ ನೀರನ್ನು ಹನಿಹನಿಯಾಗಿ ಇಳಿಬಿಟ್ಟರು. ಮೊದಲ 20 ದಿನ ಏನೂ ಆಗಲಿಲ್ಲ. ಆಮೇಲೆ ಕೆಳಗೆ ಬಂದ ನೀರಿನಲ್ಲಿ ಅಮೋನಿಯ ಮಾಯವಾಗಿ ನೈಟ್ರೇಟ್ ಕಾಣಿಸಿಕೊಂಡಿತು. ಕ್ಲೋರೊಫಾರಂ ಆವಿ ಹಾಯಿಸಿದಾಗ ಕ್ರಿಯೆ ನಿಂತಿತು. ಇದು ಬರೀ ರಸಾಯನ ಕ್ರಿಯೆಯಲ್ಲ, ಜೀವಿಗಳ ಕೆಲಸ ಎಂದು ಇದರಿಂದ ಸಿದ್ಧವಾಯಿತು. 1890ರ ಸುಮಾರಿಗೆ ರಷ್ಯಾದ ವಿನೊಗ್ರಾಡ್‌ಸ್ಕಿ ಆ ಬ್ಯಾಕ್ಟೀರಿಯಗಳನ್ನು ಬೇರ್ಪಡಿಸಿ ತೋರಿಸಿದರು. ಒಂದು ಗುಂಪು ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲ ಎರಡು ಮೀನಿಗೆ ವಿಷ, ಮೂರನೆಯದು ಬಹುಮಟ್ಟಿಗೆ ನಿರುಪದ್ರವಿ.

ಅಕ್ವೇರಿಯಂ ಫಿಲ್ಟರಿನ ನಿಜವಾದ ಕೆಲಸ ಈ ಜೀವಿಗಳಿಗೆ ಮನೆ ಕೊಡುವುದು. ಅವು ಬೆಳೆದು ನಿಲ್ಲಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಒಂದೆರಡು ಗಟ್ಟಿಮುಟ್ಟಾದ ಮೀನು ಮಾತ್ರ, ಚಿಟಿಕೆಯಷ್ಟು ಆಹಾರ ಮಾತ್ರ. ಮನೆ ಮಂದಿ ಸೇರಿ ತೊಟ್ಟಿಯನ್ನು ವಾರಕ್ಕೊಮ್ಮೆ ಸೋಪು ಹಾಕಿ ತಿಕ್ಕಿ, ಕಲ್ಲುಗಳನ್ನು ಕುದಿಸಿ, ಎಲ್ಲ ನೀರನ್ನು ಬದಲಿಸಿ ಫಳಫಳ ಹೊಳೆಯುವಂತೆ ಮಾಡಿದರೆ, ಈ ಕೆಲಸಗಾರರೆಲ್ಲ ಸಾಯುತ್ತಾರೆ. ಮರುದಿನದಿಂದ ಅಮೋನಿಯ ಏರುತ್ತದೆ. ವಾರಕ್ಕೆ ಕಾಲು ಭಾಗ ನೀರು ಬದಲಿಸಿ, ಫಿಲ್ಟರಿನ ಸ್ಪಂಜನ್ನು ತೆಗೆದ ಹಳೆಯ ನೀರಿನಲ್ಲೇ ಹಿಂಡಿದರೆ ಸಾಕು.

ಇಲ್ಲಿಯೂ ಪಿಎಚ್‌ನ ಆಟವಿದೆ. ಅಮೋನಿಯದಲ್ಲಿ ಎರಡು ರೂಪ. ಒಂದು ಹೆಚ್ಚು ವಿಷ, ಇನ್ನೊಂದು ಕಡಿಮೆ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ವಿಷದ ರೂಪ ನೂರಕ್ಕೆ ಒಂದಕ್ಕಿಂತ ಕಡಿಮೆ. ಪಿಎಚ್ 8 ಆದರೆ ನೂರಕ್ಕೆ ಐದು. ಗಡಸು ನೀರಿನ ಊರುಗಳಲ್ಲಿ ಮೀನುಗಳನ್ನು ಕಿಕ್ಕಿರಿಸಬಾರದು ಎನ್ನುವುದು ಇದಕ್ಕಾಗಿಯೇ.

ತೊಟ್ಟಿಯಿಂದ ತೊಟ್ಟಿಲಿಗೆ

ತಂದೆ ತಾಯಂದಿರು ಗಮನಿಸಬೇಕಾದ ಸಂಗತಿ ಈಗ ಬರುತ್ತದೆ. ಮೀನಿಗೆ ನಿರುಪದ್ರವಿ ಎಂದ ನೈಟ್ರೇಟ್ ತೊಟ್ಟಿಯಲ್ಲಿ ಮಾತ್ರ ಹುಟ್ಟುವುದಿಲ್ಲ. ಬಾವಿಯ ಪಕ್ಕದ ಶೌಚದ ಗುಂಡಿ, ತಿಪ್ಪೆ, ಕೊಟ್ಟಿಗೆಯ ಗಂಜಲ, ಗದ್ದೆ ತೋಟಗಳಿಗೆ ಹಾಕಿದ ಯೂರಿಯ, ಇವುಗಳಿಂದ ಹುಟ್ಟುವ ಅಮೋನಿಯವನ್ನು ಮಣ್ಣಿನ ಅದೇ ಬ್ಯಾಕ್ಟೀರಿಯಗಳು ನೈಟ್ರೇಟ್ ಮಾಡಿ ಅಂತರ್ಜಲಕ್ಕೆ ಇಳಿಸುತ್ತವೆ. ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ.

1945ರಲ್ಲಿ ಅಮೆರಿಕದ ಅಯೋವಾ ರಾಜ್ಯದ ವೈದ್ಯ ಹಂಟರ್ ಕಾಮ್ಲಿ ಅವರು, ಹಳ್ಳಿಯ ಬಾವಿ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದ ಎಳೆಯ ಮಕ್ಕಳ ಮೈ ನೀಲಿಗಟ್ಟಿದ್ದನ್ನು ವರದಿ ಮಾಡಿದರು. ನೈಟ್ರೇಟ್ ಮಗುವಿನ ಹೊಟ್ಟೆಯಲ್ಲಿ ನೈಟ್ರೈಟ್ ಆಗಿ, ರಕ್ತದ ಹಿಮೊಗ್ಲೋಬಿನ್ ಆಮ್ಲಜನಕ ಹೊರಲಾರದಂತೆ ಮಾಡುತ್ತದೆ. ಇದೇ ‘ನೀಲಿ ಶಿಶು’ ರೋಗ. ವಿಚಿತ್ರವೆಂದರೆ ನೈಟ್ರೈಟ್ ಹೆಚ್ಚಾದ ತೊಟ್ಟಿಯ ಮೀನಿಗೂ ಆಗುವುದು ಇದೇ. ಅದರ ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ.

ಭಾರತೀಯ ಮಾನಕ ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟಿನ ಮಿತಿ ಹಾಕಿದೆ. ಗಡಸುತನಕ್ಕೆ ಇರುವಂತೆ ಇದಕ್ಕೆ ಯಾವ ರಿಯಾಯಿತಿಯೂ ಇಲ್ಲ. ಈ ಮಿತಿ ದಾಟಿದ ನೀರಿನಲ್ಲೂ ಗಪ್ಪಿ ಆರಾಮವಾಗಿ ಓಡಾಡಿಕೊಂಡಿರುತ್ತದೆ. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚಾಗುತ್ತದೆ. ಮಗುವಿಗೆ ಒಳ್ಳೆಯದಾಗಲೆಂದು ನೀರನ್ನು ಎರಡೆರಡು ಸಲ ಕುದಿಸುವ ತಾಯಿ, ತಿಳಿಯದೆ ಅಪಾಯವನ್ನು ಹೆಚ್ಚಿಸಿಬಿಡಬಹುದು. ಫ್ಲೋರೈಡಿನದೂ ಇದೇ ಕಥೆ. ಕೋಲಾರ, ಪಾವಗಡಗಳ ಕಡೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಮೂಡಿಸಿದ ಕೊಳವೆ ಬಾವಿಯ ನೀರಿನಲ್ಲೂ ಮೀನು ಬದುಕುತ್ತದೆ. ಫ್ಲೋರೈಡಿಗೆ ಮಾನಕದ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ದಾರಿಯಿಲ್ಲದಿದ್ದರೆ ಒಂದೂವರೆ.

ಹಾಗಾಗಿ ‘ನಮ್ಮ ಬಾವಿಯಲ್ಲಿ ಮೀನು ಬದುಕಿದೆ, ನೀರು ಚೆನ್ನಾಗಿದೆ’ ಎಂಬ ಹಿರಿಯರ ಮಾತನ್ನು ಪೂರ್ತಿ ನಂಬುವಂತಿಲ್ಲ. ಬ್ಲೀಚಿಂಗ್ ಪೌಡರ್ ಹಾಕಿದ ನೀರಿನಲ್ಲಿ ಮೀನು ಸತ್ತಿತೆಂದು ಆ ನೀರನ್ನು ಕುಡಿಯಲು ಹೆದರಬೇಕಾಗಿಯೂ ಇಲ್ಲ.

ಅಕ್ವೇರಿಯಂ ಇಡಲು ಹೊರಟ ಮನೆಯವರು ಪಿಎಚ್, ಗಡಸುತನ, ಅಮೋನಿಯ, ನೈಟ್ರೈಟ್, ನೈಟ್ರೇಟ್‌ಗಳನ್ನು ಅಳೆಯುವ ಕಿಟ್ ಒಂದನ್ನು ಕೊಂಡರೆ ಒಂದೇ ಖರ್ಚಿನಲ್ಲಿ ಎರಡು ಕೆಲಸವಾಗುತ್ತದೆ. ಅಂಗೈ ಅಗಲದ ಟಿಡಿಎಸ್ ಮೀಟರ್ ಸಾಲದು. ಒಟ್ಟು ಎಷ್ಟು ಲವಣ ಕರಗಿದೆ ಎಂದಷ್ಟೇ ಅದು ಹೇಳುತ್ತದೆ, ಯಾವ ಲವಣ ಎಂದು ಹೇಳುವುದಿಲ್ಲ. ತೊಟ್ಟಿಗೆ ತುಂಬುವ ಮೊದಲೇ ಬಾವಿ ನೀರಿನಲ್ಲಿ ನೈಟ್ರೇಟ್ ಹೆಚ್ಚಾಗಿ ಕಂಡರೆ, ಆ ನೀರಿನ ಮಾದರಿಯನ್ನು ಜಿಲ್ಲಾ ಮಟ್ಟದ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಟ್ಟು ಖಚಿತ ಮಾಡಿಕೊಳ್ಳಬೇಕು. ಅಷ್ಟರವರೆಗೆ ಎಳೆಯ ಕೂಸಿಗೆ ಆ ನೀರನ್ನು ಕೊಡಬಾರದು. ಬಾವಿಗೂ ಶೌಚದ ಗುಂಡಿಗೂ ನಡುವೆ ಕನಿಷ್ಠ 15 ಮೀಟರ್ ಅಂತರ ಇದೆಯೇ ಎಂದು ಅಳತೆ ಪಟ್ಟಿ ಹಿಡಿದು ನೋಡಬೇಕು. ತೊಟ್ಟಿಯ ಮಟ್ಟಿಗೆ ಹೇಳುವುದಾದರೆ, ನೀರಿನಲ್ಲಿ ಬೇರು ಬಿಟ್ಟ ಮನಿಪ್ಲಾಂಟಿನ ನಾಲ್ಕು ಬಳ್ಳಿಗಳು ಒಂದಷ್ಟು ನೈಟ್ರೇಟನ್ನು ಹೀರಿಕೊಂಡು ಹಸುರಾಗಿ ಬೆಳೆಯುತ್ತವೆ.

ಮಕ್ಕಳಿಗೆ ಇದೊಂದು ವರ್ಷಪೂರ್ತಿ ನಡೆಸಬಹುದಾದ ವಿಜ್ಞಾನದ ಪಾಠ. ಒಂದು ನೋಟ್‌ಬುಕ್ಕಿನಲ್ಲಿ ತಿಂಗಳಿಗೊಮ್ಮೆ ಬಾವಿಯ ನೀರಿನ ಮಟ್ಟ, ಪಿಎಚ್, ಗಡಸುತನ, ನೈಟ್ರೇಟ್‌ಗಳನ್ನು ಬರೆದಿಟ್ಟರೆ, ಮಳೆಗಾಲದಲ್ಲಿ ಏನಾಗುತ್ತದೆ, ಕಡು ಬೇಸಿಗೆಯಲ್ಲಿ ಏನಾಗುತ್ತದೆ ಎಂಬುದು ತಾನಾಗಿ ಕಾಣುತ್ತದೆ. ತಮ್ಮ ಮನೆಯ ಬಾವಿಯ ಬಗ್ಗೆ ಮನೆಯ ಹಿರಿಯರಿಗೂ ಗೊತ್ತಿಲ್ಲದ ಸಂಗತಿಗಳು ಆ ನೋಟ್‌ಬುಕ್ಕಿನಲ್ಲಿ ಇರುತ್ತವೆ.